ಕೊನೆಯ ಅರ್ಧದ ಓದು

ನನ್ನ ಅಚ್ಚುಮೆಚ್ಚಿನ ಕಾದಂಬರಿಯನ್ನು ನಾನು ಓದಿರುವುದು ಅರ್ಧ ಮಾತ್ರ. ಅದೂ ಕೊನೆಯ ಅರ್ಧ.

ಇದೆಲ್ಲ ಅಪ್ಪನ ಕೃಪೆ. ಮನೆಗೆ ಹೊಸ ಪುಸ್ತಕ ಬಂದರೆ ಸಾಕು, ಅಕ್ಕನಿಗೂ ನನಗೂ ಜುಟ್ಟು ಹಿಡಿದು ಜಗಳ. ರೋಸಿಹೋದ ಅಪ್ಪ ಪುಸ್ತಕವನ್ನು ನಡುವೆ ಸೀಳಿ, ದೊಡ್ಡವಳೆಂದು ಅವಳಿಗೆ ಮೊದಲರ್ಧ, ನನಗೆ ಉಳಿದರ್ಧ ಕೊಡುತ್ತಿದ್ದರು. ಓದಿ ಮುಗಿಸಿ ಅದಲುಬದಲು. ಹಾಗಾಗಿ ನಾನು ಕೊಲೆಗಾರ ಸಿಕ್ಕಿಬಿದ್ದ ಮೇಲೆ ಕೊಲೆ, ಮದುವೆಯಾದ ಮೇಲೆ ಪ್ರೇಮ ಓದಿ ಬೆಳೆದವಳು.

ಕಡಲತೀರದ ದೀಪಸ್ತಂಭ ಕಾಯುವವನ ಆ ನನ್ನ ಮೆಚ್ಚಿನ ಕಾದಂಬರಿ ಅದಲುಬದಲಾಗುವ ಮೊದಲೇ ಅಕ್ಕನ ಮದುವೆಯಾಯಿತು. ಅವಳ ಅರ್ಧ ಅವಳ ಪೆಟ್ಟಿಗೆ ಸೇರಿತು. ಅಮ್ಮ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ಯಾರಿಗೆಂದು ಮಾತಿಗೆ ಮಾತು ಬೆಳೆದು, ಕೊನೆಗೆ ಮಾತೇ ನಿಂತುಹೋಯಿತು. ಯಂತ್ರ ನನ್ನಲ್ಲೇ ಇದೆ. ಹೊಲಿಯಲು ನನಗೆ ಬರುವುದಿಲ್ಲ.

ನನ್ನ ಅರ್ಧದಲ್ಲಿ ಆ ಕಾವಲುಗಾರ ದಿನವೂ ಎಡಗಾಲಿನ ಒಂದೇ ಒಂದು ಶೂಗೆ ಪಾಲಿಶ್ ಹಾಕುತ್ತಾನೆ. ಯಾರ ಶೂ? ಒಂದೇ ಯಾಕೆ? ಹಳೇ ಪುಸ್ತಕದ ಅಂಗಡಿಗಳಲ್ಲಿ ಧೂಳು ಕುಡಿದು ಹುಡುಕಿದರೂ ಇನ್ನೊಂದು ಪ್ರತಿ ಸಿಗಲಿಲ್ಲ. ಈಗ ನೋಡಿದರೆ ಗ್ರಂಥಾಲಯದಾಕೆ, "ಭಾನುವಾರ ನಿಮ್ಮ ಮೆಚ್ಚಿನ ಪುಸ್ತಕದ ಬಗ್ಗೆ ನೀವೇ ಮಾತಾಡ್ಬೇಕು" ಎಂದು ಗಂಟುಬಿದ್ದಿದ್ದಾಳೆ. ಏನು ಮಾತಾಡಲಿ, ನನ್ನ ತಲೆ!

ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಯಂತ್ರ ನಿಲ್ಲಿಸಿ, ಮಾನ ಬಿಟ್ಟು ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ಆ ಶೂ ಯಾರದೇ?"

ಯಾರು, ಏನು ಎಂದು ಅವಳು ಕೇಳಲೇ ಇಲ್ಲ. "ಮೊದ್ಲು ನೀನು ಹೇಳು. ಹಡಗಲ್ಲಿ ಹೋದ ಅವನ ಹೆಂಡ್ತಿ ವಾಪಸ್ ಬಂದ್ಲಾ?"

ಅಯ್ಯೋ, ಇವಳೂ ಇಷ್ಟು ವರ್ಷ ಇದೇ ಹುಳ ತಲೆಯಲ್ಲಿ ಬಿಟ್ಟುಕೊಂಡು ಕೂತಿದ್ದಳು! ಮನೆಗೆ ಬಾ, ಎರಡೂ ಅರ್ಧ ಜೋಡಿಸಿ ಓದೋಣ ಎನ್ನಬೇಕಿತ್ತು. ಆದರೆ ಕೊನೆಯನ್ನೇ ಮೊದಲು ಒದರುವ ಹಾಳು ಬಾಯಿ ನನ್ನದು.

"ಬರ್ತಾಳೆ. ಆದ್ರೆ ಅವನಿಗೆ ಗುರುತೇ ಸಿಗಲ್ಲ."

ಆ ಕಡೆ ಪಾತ್ರೆ ಕುಕ್ಕಿದ ಸದ್ದು.

"ಅಷ್ಟೇನಾ? ನಾನು ಇದಕ್ಕಿಂತ ಚೆನ್ನಾಗಿ ಅಂದ್ಕೊಂಡಿದ್ದೆ."

"ಅಕ್ಕಾ, ಶೂ..."

"ಒಲೆ ಮೇಲೆ ಹಾಲಿದೆ" ಎಂದು ಫೋನ್ ಇಟ್ಟುಬಿಟ್ಟಳು. ಮತ್ತೆ ಮಾಡಿದೆ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ.

ಸಿಟ್ಟೆಲ್ಲ ನನ್ನ ಮೇಲೇ. ಅವಳಿಗೆ ನನ್ನಿಂದ ಬೇಕಾಗಿದ್ದದ್ದು ಅದೊಂದೇ. ಅದನ್ನೂ ಒಂದೇ ಉಸಿರಿಗೆ ಕೊಟ್ಟುಬಿಟ್ಟೆ.