ಮೂರು ಸಲ ಬಾರಿಸಿದ ಗಂಟೆ

ಆ ಮನೆಯಲ್ಲಿ ನೆಂಟರಲ್ಲದ ಒಂಬತ್ತು ಜನ, ಒಂದೇ ಒಲೆ. ಸ್ನಾನದ ನೀರು ತರಕಾರಿ ಮಡಿಗೆ ಹೋಗುತ್ತಿತ್ತು, ಹರಿದ ಬಟ್ಟೆ ಹೊಲಿಗೆಯಕ್ಕನ ಯಂತ್ರಕ್ಕೆ. ಹೊಲಿಗೆಯಕ್ಕನಿಗೆ ಮಾತು ಕಮ್ಮಿ, ಕೈ ಚುರುಕು. ಹೋದ ವರ್ಷ ಅವಳು ಜ್ವರ ಬಂದು ಮಲಗಿದಾಗ ಎಂಟೂ ಜನ ಪಾಳಿ ಹಾಕಿಕೊಂಡು ಹಣೆಗೆ ಒದ್ದೆ ಬಟ್ಟೆ ಹಾಕಿದ್ದರು. ಮೊದಲಿದ್ದ ಬಾಡಿಗೆ ಕೋಣೆಯಲ್ಲಿ ಅವಳು ಸತ್ತಿದ್ದರೂ ವಾಸನೆ ಬಂದ ಮೇಲೇ ಗೊತ್ತಾಗುತ್ತಿತ್ತು. ಅಮ್ಮನನ್ನೂ ಇಲ್ಲಿಗೇ ಕರೆತರಬೇಕೆಂದು ಆವತ್ತೇ ಅಂದುಕೊಂಡಳು. ಅಮ್ಮನಿಗೆ ಮಂಡಿ ಸವೆದಿತ್ತು, ಮೆಟ್ಟಿಲು ಆಗದು. ಕೆಳಗಿನ ಕೋಣೆ ಅವರಿಗೇ ಎಂದು ಎಲ್ಲರೂ ಹೇಳಿಯೂ ಆಗಿತ್ತು.

ಅಲ್ಲಿ ಕೈ ಎತ್ತಿ ಒಪ್ಪಿಗೆ ಕೊಡುವ ಪದ್ಧತಿಯಿರಲಿಲ್ಲ. ವಿಷಯ ಹೇಳಿ ಹಿತ್ತಾಳೆ ಗಂಟೆಯನ್ನು ಮೂರು ಸಲ ಬಾರಿಸುವುದು. ಅಷ್ಟರಲ್ಲಿ ಯಾರೂ ಬಾಯಿ ತೆರೆಯದಿದ್ದರೆ ಎಲ್ಲರೂ ಒಪ್ಪಿದಂತೆ.

ಹೋದ ವಾರದ ಸಭೆಯಲ್ಲಿ, ಬೆಳೆ ನೋಡಿಕೊಳ್ಳುವ ತೋಟದಣ್ಣ ಬೀಜದ ಚೀಲಗಳಿಗೆ ಕೆಳಗಿನ ಕೋಣೆಯೇ ತಂಪು ಎಂದ. ‘ಅಮ್ಮ ಬರ್ತಾಳಲ್ಲ’ ಎಂಬುದು ಹೊಲಿಗೆಯಕ್ಕನ ಗಂಟಲವರೆಗೆ ಬಂತು. ಆದರೆ ಎಲ್ಲರ ಮುಖವೂ ಅಷ್ಟು ಗೆಲುವಾಗಿತ್ತು, ಕೆಡಿಸಲು ಮನಸ್ಸಾಗಲಿಲ್ಲ. ಯಾರಾದರೂ ನೆನಪಿಸಿಯಾರು ಎಂದು ಕಾದಳು. ಗಂಟೆ ಮುಗಿಯಿತು.

ಇವತ್ತು ಮಧ್ಯಾಹ್ನ ಅಮ್ಮ ಬಂದಿಳಿದಾಗ ಆ ಕೋಣೆಯ ಬಾಗಿಲವರೆಗೂ ಚೀಲ.

“ಅಯ್ಯೋ, ನೀನು ಸುಮ್ನಿದ್ಯಲ್ಲಕ್ಕಾ, ಒಪ್ಪಿದೀಯ ಅಂದ್ಕೊಂಡೆ,” ಎಂದ ತೋಟದಣ್ಣ, ನಿಜಕ್ಕೂ ನೊಂದುಕೊಂಡು. “ಮೇಲಿನ ಕೋಣೆ ಸೆಕೆಗೆ ಬೀಜ ಸತ್ತೋಗುತ್ತೆ. ಮುಂದಿನ ಬೆಳೆ ಪೂರ್ತಿ ಅದರಲ್ಲೇ ಇದೆ. ಅಮ್ಮನ್ನ ನಾವೇ ನಾಲ್ಕು ಜನ ಹೊತ್ಕೊಂಡು ಹತ್ತಿಸ್ತೀವಿ.”

“ನಾಲ್ಕು ಜನ ಹೊರೋದಕ್ಕೆ ಇನ್ನೂ ಟೈಮಿದೆಯಪ್ಪಾ,” ಎಂದಳು ಅಮ್ಮ.

ಎಲ್ಲರೂ ನಕ್ಕರು. ಅಮ್ಮ ಮೊದಲ ಮೆಟ್ಟಿಲ ಮೇಲೆ ಕೂತು, ಹಿಂದಕ್ಕೆ ಕೈ ಊರಿ ಕುಂಡೆಯಲ್ಲೇ ಒಂದೊಂದು ಮೆಟ್ಟಿಲು ಏರತೊಡಗಿದಳು. ನಾಲ್ಕನೆಯದರಲ್ಲಿ ಮುಖ ಕಿವುಚಿಕೊಂಡಳು.

“ಪರವಾಗಿಲ್ಲ ಬಿಡೇ. ಹೊಂದ್ಕೊಂಡು ಹೋಗ್ಬೇಕು.”

ಹೊಲಿಗೆಯಕ್ಕನಿಗೆ ಚುರುಕ್ಕೆಂದಿತು. ಇಷ್ಟು ವರ್ಷ ಅವಳು ತನಗೆ ತಾನೇ ಹೇಳಿಕೊಂಡ ಮಾತು ಅದು. ಗೂಡಿನಲ್ಲಿದ್ದ ಗಂಟೆ ಎತ್ತಿಕೊಂಡಳು.

“ನಮ್ಮಮ್ಮ ಕೆಳಗಿನ ಕೋಣೇಲಿರ್ತಾಳೆ. ಚೀಲ ಮೇಲೆ ಹೋಗ್ಲಿ.”

ಒಂದು. ಎಲ್ಲರೂ ತೋಟದಣ್ಣನ ಮುಖ ನೋಡಿದರು. ಎರಡು. ಅವನು ಬಾಯಿ ತೆರೆದ; ಮೆಟ್ಟಿಲ ಮೇಲೆ ಮಂಡಿ ನೀವಿಕೊಳ್ಳುತ್ತಿದ್ದ ಮುದುಕಿ ಕಣ್ಣಿಗೆ ಬಿದ್ದು ಮುಚ್ಚಿದ. ಮೂರು.

ಸಂಜೆಯೊಳಗೆ ಚೀಲಗಳೆಲ್ಲ ಮೇಲೆ ಹೋದವು. ಯಾರೂ ಬೈಯಲಿಲ್ಲ. ಊಟಕ್ಕೆ ಕೂತಾಗ ತಟ್ಟೆ ತಾನಾಗಿ ಮುಂದೆ ಬಂತು, ಬಡಿಸಿದ್ದೂ ಧಾರಾಳವಾಗಿಯೇ. ಆದರೆ ಉದ್ದದ ಬೆಂಚಿನಲ್ಲಿ ತಾಯಿ ಮಗಳ ಆಚೆ ಈಚೆ ಯಾರೂ ಕೂರಲಿಲ್ಲ.

“ಏನೇ ಇದು,” ಅಮ್ಮ ಪಿಸುಗುಟ್ಟಿದಳು, “ಒಬ್ಬರೂ ತುಟಿ ಬಿಚ್ತಿಲ್ಲ?”

“ಒಪ್ಪಿದಾರಮ್ಮ,” ಎಂದಳು ಅವಳು, ತಟ್ಟೆಯಿಂದ ತಲೆ ಎತ್ತದೆ.