ಕಮಲಾಪುರದ ಏರು

“ಬಾನೆಟ್ಟಿನಿಂದ ಮ್ಯಾಲೇಳವ್ವಾ, ಮಂದಿ ಬರಾಕತ್ತಾರ!” ಎಂದು ಸೋದರತ್ತೆ ನೀಲಗಂಗಮ್ಮ ಕೂಗಿದಾಗ ಸೌಂದರ್ಯಾಳ ಬಲಗೈ ಮೊಣಕೈವರೆಗೆ ಎಂಜಿನ್ನಿನ ಸಂದಿಯಲ್ಲಿತ್ತು. ಎಡಗೈಯಲ್ಲಿ ಕರಿ ಹಾವಿನ ಮರಿಗಳಂಥ ರಬ್ಬರ್ ಪೈಪುಗಳು.

ಹತ್ತು ಹೆಜ್ಜೆ ಆಚೆ, ಕೋಟನೂರಿನ ಗ್ಯಾರೇಜು ಶೆಡ್ಡಿನ ಗೋಡೆಗೆ ಒರಗಿ ಆಕೆಯ ಅಪ್ಪ, ಮೆಕ್ಯಾನಿಕ್ ಗುರುಲಿಂಗಪ್ಪ ಕೂತಿದ್ದ. ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಲಿಂಗ, ಕೊರಳಲ್ಲಿ ಚೆಂಡುಹೂವಿನ ಹಾರ. ನಸುಕಿನಲ್ಲಿ ಎದೆ ಹಿಡಿದುಕೊಂಡು ತೀರಿಹೋದವನನ್ನು ಪದ್ಧತಿಯಂತೆ ಕೂರಿಸಿದ್ದರು. ಬದುಕಿದ್ದಾಗ ಒಂದು ನಿಮಿಷ ಸುಮ್ಮನೆ ಕೂತವನಲ್ಲ.

“ಟೆಂಪೊ ಹೇಳೀನಿ,” ಎಂದ ಕಾಕಾ ವಿವೇಕಾನಂದ. “ಹೊತ್ತು ಮುಳುಗೂದ್ರಾಗ ಕಮಲಾಪುರದ ಹೊಲದಾಗ ಮಣ್ಣಾಗಬೇಕು. ಈ ಡಬ್ಬಿ ನಂಬಿದ್ರ ಅಣ್ಣನ್ನ ಕೂಡಿಸಿ ನಾವು ನೂಕಬೇಕು.”

ಕಾರು ಅಪ್ಪನದು, ಕಾರುಬಾರು ಯಾವಾಗಲೂ ಕಾಕಾನದು.

“ಒಂದ್ ತಾಸ್ ಕೊಡ್ರಿ ಕಾಕಾ. ಅಪ್ಪ ಇದರಾಗೇ ಹೋಗ್ತಾನ.”

ಪೈಪುಗಳನ್ನು ಬಿಚ್ಚಿದ್ದು ನಿನ್ನೆ, ಗುರುಲಿಂಗಪ್ಪನೇ. ಯಾವುದು ಎಲ್ಲಿಗೆಂದು ಮರೆಯದಿರಲಿ ಅಂತ ಪೈಪಿನ ತುದಿಗೂ ಎಂಜಿನ್ನಿನ ಮೂತಿಗೂ ವಿಭೂತಿ ಗೆರೆ ಎಳೆದಿದ್ದ. ಒಂದಕ್ಕೆ ಒಂದು, ಎರಡಕ್ಕೆ ಎರಡು. ಮಂತ್ರ ಹೇಳುವ ಅಯ್ಯನವರು ಬರುತ್ತಾರೆಂದು ಬೆಳಿಗ್ಗೆ ಅಂಗಳ ತೊಳೆದ ನೀಲಗಂಗಮ್ಮ ಎಂಜಿನ್ನಿಗೂ ಎರಡು ಕೊಡ ನೀರು ಸುರಿದು, ಪೈಪುಗಳನ್ನು ಒದ್ದೆ ಬಟ್ಟೆಯಿಂದ ಮಿರಮಿರ ಒರೆಸಿಟ್ಟಿದ್ದಳು.

“ನನಗೇನ್ ಗೊತ್ತವ್ವಾ? ವಿಭೂತಿ ಹಣೀಗಿ ಹಚ್ತಾರ. ಪೈಪಿಗಿ ಯಾರ್ ಹಚ್ತಾರ?”

“ನಿಮ್ಮ ತಮ್ಮ ಹಚ್ತಾನ್ರೀ ಅಕ್ಕಾ,” ಎಂದ ಇಮಾಮುದ್ದೀನ್. ಅದೇ ಶೆಡ್ಡಿನಲ್ಲಿ ಮೂವತ್ತು ವರ್ಷ ಗಾಡಿಗಳಿಗೆ ಬಣ್ಣ ಹೊಡೆದವನು. “ಬೇಟಿ, ನನ್ನ ಕೇಳಬ್ಯಾಡ. ಹೊರಗಿಂದು ನಂದು, ಒಳಗಿಂದು ಗುರುಂದು. ನಾ ಬಾನೆಟ್ ಮುಚ್ಚಿದ ಮ್ಯಾಲೇ ನೋಡಾಂವ.”

*

ಗುಜರಿಗೆ ಹೊರಟಿದ್ದ ಈ ತೊಂಬತ್ತೇಳರ ಟರ್ಬೊ ಡೀಸೆಲ್ ಕಾರನ್ನು ಗುರುಲಿಂಗಪ್ಪ ಮೂರು ಸಲ ಹುಟ್ಟೂರಿಗೆ ಒಯ್ದಿದ್ದ. ಮೂರೂ ಸಲ ಕಮಲಾಪುರದ ಏರಿನಲ್ಲಿ ಅದರ ದಮ್ಮು ಹೋಗಿತ್ತು. ಸಂತೆಗೆ ಹೊರಟವರು ಕೆಂಪು ಬಾಳೆಗೊನೆ ಕೆಳಗಿಟ್ಟು ನೂಕಿದ್ದರು. “ಗುರುಲಿಂಗಪ್ಪ ಬಂದ, ತೋಳ್ ಏರಸ್ರೋ!”

ಮನೆಗೆ ಬಂದು ಅವನೇ ಆ ಏರಿನ ನಾಟಕ ಆಡಿ ತೋರಿಸುತ್ತಿದ್ದ. ಕಾರಿನ ಕೆಮ್ಮು, ಬಿಕ್ಕಳಿಕೆ, ನೂಕುವವರ ಏದುಸಿರು, ಎಲ್ಲ ಒಂದೇ ಬಾಯಲ್ಲಿ. ಮಗಳ ಹೆಬ್ಬೆರಳನ್ನು ಎಂಜಿನ್ನಿನ ಮೂತಿಗೆ ಒತ್ತಿ ಪಾಠ ಹೇಳಿದ್ದೂ ಹಾಗೆಯೇ. “ವ್ಯಾಕ್ಯೂಮ್ ಅಂದ್ರ ನಿಮ್ಮತ್ತಿ ಇದ್ದಂಗ. ಕೈ ಹಿಡದು ಒಳಗ ಎಳೀತಾಳ, ಉಣಸ್ದೇ ಬಿಡಂಗಿಲ್ಲ. ಟರ್ಬೊ ನಿಮ್ಮ ಕಾಕಾ. ಸುಮ್ನಿದ್ರ ಸುಮ್ನ, ರೇಸ್ ಕೊಟ್ರ ಊದಾಕ ಹತ್ತತಾನ.”

ನಿನ್ನೆ ಸಂಜೆ ಮಗಳಿಗೆ ಫೋನು ಮಾಡಿ ಕಿರುಚಿದ್ದ. “ಸಿಕ್ತು! ಟರ್ಬೊ ಉಸಿರು ಡೀಸೆಲ್ ಪಂಪಿಗಿ ಒಯ್ಯೂ ಪೈಪಿನಾಗ ಕೂದಲೆಳಿ ಬಿರುಕು! ಉಸಿರು ಮುಟ್ಟಲಾರದೇ ಪಂಪು ಏರಿನಾಗ ಡೀಸೆಲ್ ಕೊಡವಲ್ದಾಗಿತ್ತು. ಹೊಸಾದು ತಂದೀನಿ. ನಾಳಿ ಯಾರ್ ಕಡಿಂದನೂ ನೂಕಿಸ್ಕೋದೇ ಊರಿಗಿ ಹೋಗ್ತೀನಿ, ನೋಡ್ತಿರು.”

*

ಇಮಾಮುದ್ದೀನ್ ಕೀಲಿ ತಿರುಗಿಸಿದ. ಎಂಜಿನ್ನು ಗುಡುಗಿತು. ಸೌಂದರ್ಯಾ ಒಂದು ಮೂತಿಗೆ ಹೆಬ್ಬೆರಳಿಟ್ಟಳು. ಚರ್ಮವನ್ನು ಸರಕ್ಕನೆ ಒಳಗೆ ಎಳೆಯಿತು.

“ಇದು ಅತ್ತಿ!”

“ಯಾಕವ್ವಾ?” ಎಂದು ನೀಲಗಂಗಮ್ಮ ಓಡಿಬಂದಳು.

“ನೀ ಅಲ್ಲತ್ತಿ, ಪೈಪು! ಬ್ರೇಕಿಗಿ ಹೋಗೂದು.”

ಇನ್ನೊಂದು ಮೂತಿ ಎಳೆಯಲೂ ಇಲ್ಲ, ಊದಲೂ ಇಲ್ಲ. “ಚಾಚಾ, ರೇಸ್!” ಎಂದಳು. ಎಂಜಿನ್ನಿನ ಸದ್ದಿನಲ್ಲಿ ಇಮಾಮುದ್ದೀನನಿಗೆ ಕೇಳಿಸಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಆಕೆಯ ಗಂಟಲಿನಿಂದ ಬೀಡಿ ಸುಟ್ಟ, ಒಡಕು, ದಪ್ಪ ದನಿಯೊಂದು ಹೊರಬಿತ್ತು:

“ರೇಸ್ ಕೊಡಲೇ ಇಮಾಮ್ಯಾ!”

ಇಮಾಮುದ್ದೀನನ ಕಾಲು ತಾನಾಗಿ ಒತ್ತಿಬಿಟ್ಟಿತು. ಅಂಗಳದ ಮಂದಿಯೆಲ್ಲ ಒಮ್ಮೆಲೇ ಗೋಡೆಯ ಕಡೆ ತಿರುಗಿ ನೋಡಿದರು. ಗುರುಲಿಂಗಪ್ಪ ಕಣ್ಣು ಮುಚ್ಚಿಯೇ ಕೂತಿದ್ದ. ಇಮಾಮುದ್ದೀನ್ ತೋಳಿನಿಂದ ಮುಖ ಒರೆಸಿಕೊಂಡ, ಕಾಲು ಮಾತ್ರ ತೆಗೆಯಲಿಲ್ಲ.

ಬೆರಳಿಗೆ ಬಿಸಿಗಾಳಿ ಬುಸ್ಸೆಂದು ಬಡಿಯಿತು. “ಸಿಕ್ಕ! ಕಾಕಾ ಊದಾಕತ್ಯಾನ!”

“ನಾ ಏನ್ ಊದೀನಿ?” ಎಂದು ವಿವೇಕಾನಂದ ಸಿಡಿಮಿಡಿಗೊಂಡ. ಅಲ್ಲಿಗೆ ಅಳುವವರ ಅಳು ನಿಂತಿತು. ಎಲ್ಲರೂ ಬಾನೆಟ್ಟಿನ ಸುತ್ತ. “ಎಳ್ಯಾಕತ್ತದೋ, ಊದಾಕತ್ತದೋ?” “ಕ್ಲಿಪ್ ಕೊಡ್ರಿ!” “ಗಟ್ಟಿ ತಿರುವ್ರಿ!” ಹೊಸ ಪೈಪು ಡೀಸೆಲ್ ಪಂಪಿಗೆ ಕಚ್ಚಿಕೊಂಡಿತು.

ಅಪ್ಪನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಹೇಗೂ ಕೂತೇ ಇದ್ದವನು, ಸೀಟಿಗೆ ಸರಿಯಾಗಿ ಹೊಂದಿದ. “ಬೆಲ್ಟ್ ಹಾಕ್ರಿ, ಪೊಲೀಸ್ರು ನಿಂತಿರ್ತಾರ,” ಎಂದಳು ಅತ್ತೆ. ಕಾಕಾ ಗೊಣಗುತ್ತಲೇ ಬಗ್ಗಿ ಅಣ್ಣನಿಗೆ ಬೆಲ್ಟು ಬಿಗಿದ.

*

ಕಮಲಾಪುರದ ಏರಿನ ಬುಡದಲ್ಲಿ ಎಂಟು ಹತ್ತು ಮಂದಿ ಆಗಲೇ ತೋಳು ಏರಿಸಿ ನಿಂತಿದ್ದರು. ಸೌಂದರ್ಯಾ ಅವರನ್ನು ನೋಡಿದಳು, ಅಪ್ಪನನ್ನು ನೋಡಿದಳು, ಪೆಡಲು ತುಳಿದಳು. ಬಾನೆಟ್ಟಿನೊಳಗೆ ಸಣ್ಣ ಸಿಳ್ಳೆ ಹುಟ್ಟಿತು. ಸಿಳ್ಳೆ ಬೆಳೆಯಿತು. ಕಾರು ಬೆನ್ನಿಗೆ ಗುದ್ದಿದಂತೆ ಮುನ್ನುಗ್ಗಿತು.

“ಹೋಗೇ ಬಿಟ್ಟನಲ್ಲೋ ಗುರುಲಿಂಗಪ್ಪ!”

ನೂಕಲು ಬಂದವರು ಕಾರಿನ ಹಿಂದೆ ಶಲ್ಯ ಬೀಸುತ್ತ ಓಡಿದರು. ಕಾಕಾನ ಟೆಂಪೊ ಕೆಳಗೆಲ್ಲೋ ಎರಡನೇ ಗೇರಿನಲ್ಲಿ ನರಳುತ್ತಿತ್ತು.

ಹೊಲದಲ್ಲಿ ಮಣ್ಣು ಮಾಡಲು ಅಗೆದ ಕುಣಿ ಸಿದ್ಧವಿತ್ತು. ಟೆಂಪೊ ಬಂದ ಮೇಲೆ ಅಪ್ಪನನ್ನು ಇಳಿಸಿ, ಒಳಗಿನ ಗೂಡಿನಲ್ಲಿ ಕೂರಿಸಿದರು. ಅಯ್ಯನವರು ಕಿವಿಗೆ ಕೈಹಚ್ಚಿದರು. “ಗಾಡಿ ಬಂದ್ ಮಾಡವ್ವಾ, ಮಂತ್ರ ಕೇಳವಲ್ದು.”

“ಮಾಡೀನ್ರಿ!” ಸೌಂದರ್ಯಾ ಕೀಲಿ ಎತ್ತಿ ತೋರಿಸಿದಳು. ಎಂಜಿನ್ನು ಗುಡುಗುಡು ಅನ್ನುತ್ತಲೇ ಇತ್ತು.

“ಅಣ್ಣಗ ಇನ್ನಾ ಓಡಸ್ಬೇಕನಸ್ಯಾದ,” ಎಂದ ಕಾಕಾ. ಬೆಳಿಗ್ಗೆಯಿಂದ ಮೊದಲ ಸಲ ಅವನ ದನಿ ಒದ್ದೆಯಾಗಿತ್ತು.

ಆಕೆ ಬಾನೆಟ್ಟು ಎತ್ತಿದಳು. ಗೋಧಿ ದಂಟಿನಷ್ಟು ತೆಳ್ಳನೆಯ ಪೈಪೊಂದು ಅವಸರದಲ್ಲಿ ಎಲ್ಲಿಗೂ ಸೇರದೆ ಜೋತಾಡುತ್ತಿತ್ತು. ಎಂಜಿನ್ನನ್ನು ನಿಲ್ಲಿಸುವ ಪೈಪು. ಅದರೊಳಗಿನ ಗಾಳಿಯನ್ನು ಒಂದು ಕಡೆಯಿಂದ ಎಳೆದರೆ ಎಂಜಿನ್ನು ನಿಲ್ಲುತ್ತದೆ, ಅಷ್ಟೇ. ಅದು ಸೇರಬೇಕಾದ ಮೂತಿ ಕಾದ ಕಬ್ಬಿಣದ ಹಿಂದೆ, ಕೈಗೆ ಎಟುಕದಷ್ಟು ಒಳಗಿತ್ತು.

ಒಂದು ಗಳಿಗೆ ಕುಣಿಯ ಕಡೆ ನೋಡಿದಳು. ಪೈಪಿನ ತುದಿಯನ್ನು ತುಟಿಗಿಟ್ಟು, ಎದೆ ತುಂಬ ಎಳೆದಳು.

ಎಂಜಿನ್ನು ಎರಡು ಸಲ ನಡುಗಿ ನಿಂತಿತು. ಮೊದಲ ಹಿಡಿ ಮಣ್ಣು ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಸೌಂದರ್ಯಾ ತಲೆಯೆತ್ತಿದಳು. ತುಟಿಗಳ ಸುತ್ತ ದುಂಡನೆಯ ಕರಿ ಉಂಗುರ. ಎಳೆದ ಉಸಿರನ್ನು ಆಕೆ ಇನ್ನೂ ಬಿಟ್ಟಿರಲಿಲ್ಲ.