ಉಚ್ಚಂಗೆವ್ವನ ಚೀಟಿ, ಮಂಗಳವ್ವನ ಕಣ್ಣು

ಗೋದಾಮಿನ ಬಾಗಿಲ ಬಾಜೂಕ, ಬೆಳಕು ಚಲೋ ಬೀಳೂ ಜಾಗಾದಾಗ ಒಂದು ಗೋಣಿಚೀಲ ಹಾಸಿರತಿತ್ತು. ಬ್ಯಾಡಗಿ ಪ್ಯಾಟ್ಯಾಗ ಅದಕ್ಕ ಸಿಂಹಾಸನದ ಕಿಮ್ಮತ್ತು. ಅದರ ಮ್ಯಾಲ ಹದಿನೆಂಟು ವರ್ಷದಿಂದ ಮಂಗಳವ್ವ ಕುಂತಿದ್ಲು. ಉಳಿದ ಹೆಣಮಕ್ಕಳು ಮೆಣಸಿನಕಾಯಿ ತೊಟ್ಟು ಮುರಿದು ಈಕಿ ಮುಂದ ಸುರಿಯೂದು, ಈಕಿ ಕೆಂಪು ಕಾಯೊಳಗಿಂದ ಬಿಳಿಚಿದ ಕಾಯಿ ಆರಿಸಿ ಒಗಿಯೂದು. ಬ್ಯಾರೆ ಕಡೆ ಯಾರರೆ ಕಣ್ಣು ಹಾಕ್ಯಾರ ಅಂದ್ರ ನಿಂಬಿಹಣ್ಣು ಇಳಿ ತಗೀತಾರ. ಇಲ್ಲಿ "ಮಂಗಳವ್ವ ಕಣ್ಣು ಹಾಕ್ಯಾಳ್ರಿ" ಅಂದ್ರ ವ್ಯಾಪಾರಸ್ಥ ಚೀಲಾ ಬಿಚ್ಚದನ ರೇಟು ಬರೀತಿದ್ದ.

ಎರಡು ಸಾವಿರದ ಎಂಟರ ಸುಗ್ಗಿಯೊಳಗ ಎರಡು ಚೀಲ ವಾಪಸ್ ಬಂದ್ವು. ಒಳಗ ಬಿಳಿಕಾಯಿ.

"ಮಂಗಳವ್ವ, ಮೂರನೇ ಚೀಲ ಬಂತಂದ್ರ ನಿನ್ನ ಜಾಗಾಕ್ಕ ತೊಟ್ಟು ಮುರಿಯೂ ಮಾಸುಮಬಿ" ಅಂದ ಸಾವ್ಕಾರ ಸಿದ್ದಲಿಂಗಪ್ಪ.

ಖರೇ ಹೇಳಬೇಕಂದ್ರ ಆಕಿಗೆ ಗೊತ್ತಿತ್ತು. ಕಾಯಿ ನೆಟ್ಟಗ ನೋಡಿದ್ರ ಮಾಯ ಆಗತಿತ್ತು, ಬಾಜೂಕ ನೋಡಿದ್ರ ಹಾಜರ್. ಕೆಂಪು ಅಂಬೂದು ಹಳೇ ಸೀರಿ ಬಣ್ಣ ಆಗಿತ್ತು. ಓಣ್ಯಾಗ ಒಬ್ಬಾಕಿ ಸಕ್ಕರಿ ಬ್ಯಾನಿ ಅಂದ್ಲು, ಒಬ್ಬಾಕಿ ದೃಷ್ಟಿ ತಾಗೇದ ಅಂದ್ಲು. ದೃಷ್ಟಿಗೇ ದೃಷ್ಟಿ! ಯಾರೂ ಗುಳಿಗಿ ಅನ್ನಲಿಲ್ಲ. ಯಾಕಂದ್ರ ಎಲ್ಲಾರೂ ಅದನ್ನ ನುಂಗಾವ್ರ.

ಗುಳಿಗಿ ಕಥಿ ಹಿಂಗೈತಿ. ಏಳು ವರ್ಷದ ಹಿಂದ ಮಂಗಳವ್ವನ ಕೈಬಳ್ಳ ಕೀಲಿನ್ಯಾಗ ಬಾತು, ರೊಟ್ಟಿ ಬಡಿಯಾಕ ಬರಲಾರದಂಗಾತು. ಬಾಜೂಮನಿ ಉಚ್ಚಂಗೆವ್ವಗ ರಾಣೆಬೆನ್ನೂರಿನ ಡಾಕ್ಟರು ಇಂಥದ್ದಕ್ಕ ಒಂದು ಚೀಟಿ ಬರದುಕೊಟ್ಟಿದ್ರು. ಹೆಪ್ಪು ಕೇಳಿದ್ರ ಇಲ್ಲ ಅನ್ನಲಾರದ ಓಣಿ, ಚೀಟಿಗೆ ಇಲ್ಲ ಅಂತದ? ಒಂದು ಕೈಯಿಂದ ಒಂದು ಕೈಗೆ ಹೋಗಿ ಮಂಗಳವ್ವ ಹಿಡದು ಗೋದಾಮಿನ ಒಂಬತ್ತು ಹೆಣಮಕ್ಕಳ ಕೀಲಿಗೆ ಅದ ಕೀಲಿಕೈ ಆತು. ಮೂಲ ಉಚ್ಚಂಗೆವ್ವ ಹೊಟ್ಟಿಗೆ ಹಿಡಿಸವಲ್ದು ಅಂತ ಎರಡನೇ ವರ್ಷಕ್ಕ ಬಿಟ್ಲು. ಚೀಟಿ ನಿಲ್ಲಲಿಲ್ಲ.

ಮೆಡಿಕಲ್ ಶಾಪಿನ ದುರುಗೇಶ ಕೇಳತಿದ್ದ: "ನೀ ಯಾವ ಉಚ್ಚಂಗೆವ್ವ ಬೇ? ಮುಂಜಾನಿದಾಕ್ಯೋ, ಸಂಜಿದಾಕ್ಯೋ?"

"ಸೋಮವಾರದಾಕಿ, ಕೊಡಪಾ ಲಗೂ."

ಈಗ ಸಿಂಹಾಸನ ಅಳ್ಳಾಡಾಕತ್ತಿದ್ದಕ್ಕ ಮಂಗಳವ್ವ ಹಾವೇರಿಗೆ ಹೋದ್ಲು. ಕಣ್ಣಿನ ಡಾಕ್ಟರು ಮೀನಾಕ್ಷಿಯವ್ರು ಹನಿ ಹಾಕಿ, ಒಂದು ತಾಸು ಕುಂದ್ರಿಸಿ, ದೀಪಾ ಬಿಟ್ಟು ನೋಡಿದ್ರು. ಕೆಂಪು ತಲಿ ಗುಂಡುಸೂಜಿ ಹಿಡದು ಅತ್ತಿತ್ತ ಆಡಿಸಿದ್ರು.

"ಅವ್ವಾರ, ಏನರೆ ಗುಳಿಗಿ ತಗೋತೀರೇನ್ರಿ?"

"ಇಲ್ರಿ." ತನ್ನ ಹೆಸರಿನ ಚೀಟೀನ ಇಲ್ಲಂದಮ್ಯಾಲ ತಾ ತಗೊಂಡಂಗ ಹೆಂಗಾಗ್ತದ?

"ಕೈ ತೋರಸ್ರಿ."

ಮಂಗಳವ್ವ ಕೈ ಸೆರಗಿನ್ಯಾಗ ಮುಚ್ಚಿಕೊಂಡ್ಲು. ಡಾಕ್ಟರು ನಕ್ರು. "ಕಣ್ಣಿನ ಹಿಂದಿನ ಪರದೆಯೊಳಗ ನಟ್ಟನಡುವ ಬಂಡಿಗಾಲಿ ಹಂಗ ಗುರುತು ಬಿದ್ದೈತಿ. ಕೀಲಿನ ಗುಳಿಗಿ ಭಾಳ ದಿನ ತಿಂದ್ರ ಹಿಂಗಾಗ್ತದ. ನೀವು ಹೇಳದಿದ್ರೂ ಪರದೆ ಹೇಳಾಕತ್ತೈತಿ."

ಚೀಟಿ ಹೊರಗ ಬಂತು. ಡಾಕ್ಟರು ಓದಿದ್ರು: "ಉಚ್ಚಂಗೆವ್ವ. ತೂಕ ಎಂಬತ್ತಾರು ಕಿಲೋ." ತಲಿ ಎತ್ತಿ ನೋಡಿದ್ರು. "ನಿಮ್ಮದೆಷ್ಟ್ರಿ?"

ಮಷೀನು ಮೂವತ್ತೆಂಟು ಅಂತು.

"ಅವ್ವಾರ, ಈ ಗುಳಿಗಿ ತೂಕ ನೋಡಿ ಕೊಡೂದು. ದಪ್ಪನ ಡಬ್ಬಿ ಕಾಯಿಗೆ ಬರದ ಔಷಧ ತೆಳ್ಳನ ಕಡ್ಡಿ ಕಾಯಿ ತಿಂದೈತಿ! ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕಂತನೂ ಕೆಳಗ ಬರದಾರ."

ಬರದಿದ್ದು ಇಂಗ್ಲಿಷಿನ್ಯಾಗ. ಓಣಿ ನರಳೂದು ಕನ್ನಡದಾಗ.

"ಬಿಟ್ರ ಕಣ್ಣು ವಾಪಸ್ ಬರ್ತಾವೇನ್ರಿ?"

"ಹೋಗಿದ್ದು ಬರೂದಿಲ್ಲ. ಉಳಿದಿದ್ದು ಉಳೀಬಹುದು. ಕೀಲಿನ ಡಾಕ್ಟರ ಹಂತೇಕ ಹೋಗ್ರಿ, ನಿಮ್ಮ ಹೆಸರಿಲೆ ಬ್ಯಾರೆ ಔಷಧ ಬರಸ್ರಿ. ಮತ್ತ ಈ ಚೀಟಿ ಮ್ಯಾಲ ಇನ್ನೆಷ್ಟು ಮಂದಿ ಅದಾರ?"

ಮಂಗಳವ್ವ ಬಸ್ಸಿನ್ಯಾಗ ಲೆಕ್ಕ ಹಾಕಿದ್ಲು. ಗುಳಿಗಿ ತಿಂದ್ರ ಬಳ್ಳ ಉಳೀತಾವ, ಕಣ್ಣು ಹೋಗ್ತಾವ. ಬಿಟ್ರ ಬಳ್ಳ ಬಾಯ್ತಾವ. ಖರೇ ಹೇಳಿದ್ರ ಗೋಣಿಚೀಲಾನೂ ಹೋಗ್ತದ. ಬಸ್ಸು ಮೋಟೆಬೆನ್ನೂರು ದಾಟೂದ್ರಾಗ ಒಂದು ಸುಳ್ಳು ತಯಾರಾತು: ಬರೇ ಪೊರೆ ಬಂದೈತಂತ, ಚಷ್ಮಾ ಹಾಕಿದ್ರ ಸಾಕಂತ.

ಮರುದಿನ ಗೋದಾಮಿನ್ಯಾಗ ಆ ಸುಳ್ಳು ನಾಲಿಗಿ ತುದಿಗೆ ಬಂದಿತ್ತು. ಅಷ್ಟರಾಗ ಮಾಸುಮಬಿ ಒಂದು ಕಾಯಿ ಹಿಡದು, ಕಾಳು ಕಂಡ ಕೋಳಿ ಹಂಗ ಗೋಣು ವಾರಿ ಮಾಡಿ ನೋಡಿದ್ಲು. ಎಡಕ್ಕ ಒಮ್ಮೆ, ಬಲಕ್ಕ ಒಮ್ಮೆ.

ಸಿಂಹಾಸನದ ವಾರಸದಾರತಿ!

"ಯಾಕ ವಾರಿ ನೋಡಾಕತ್ತಿ ಮಾಸುಮಬಿ?"

"ಏನಿಲ್ಲಕ್ಕಾ. ಗೋಣು ಹಿಡದೈತಿ."

"ಗೋಣಲ್ಲ ಬೇ, ಗುಳಿಗಿ." ಮಂಗಳವ್ವ ಎದ್ದು ನಿಂತ್ಲು. ಸಾವ್ಕಾರ ಕೇಳೂ ಹಂಗನ ಒದರಿದ್ಲು: "ನನ್ನ ಕಣ್ಣಿನ ನಡುವಿನ ಬೆಳಕು ಹೋಗೇತಿ. ಬಿಳಿಕಾಯಿ ಬಿಟ್ಟಾಕಿ ನಾನ. ಚೀಟಿ ಗುಳಿಗಿ ತಿನ್ನಾವ್ರೆಲ್ಲಾ ಇವತ್ತ ಹಾವೇರಿಗೆ ನಡ್ರಿ!"

ತೊಟ್ಟು ಮುರಿಯಾಕತ್ತಿದ್ದ ಫಕ್ಕೀರವ್ವ ಕೇಳಿದ್ಲು: "ಎಂಟೂ ಮಂದಿ ಯಾಕವ್ವಾ? ಮಾಸುಮಬಿ ಒಬ್ಬಾಕಿ ತೋರಿಸಿ ಬರ್ಲಿ, ರಿಪೋರ್ಟಿಂದು ಝೆರಾಕ್ಸ್ ತಗಸೂನು."

"ಹುಚ್ಚಿ! ಆಕಿ ಕಣ್ಣಿಲೆ ನೀ ಕಾಯಿ ನೋಡ್ತೀಯೇನ?"

"ಅಲ್ಲವಾ, ಸುಗ್ಗಿಯೊಳಗ ಎಂಟು ಆಳು ಹೋದ್ರ ಈ ರಾಶಿ ಗತಿ?" ಅಂದ ಸಿದ್ದಲಿಂಗಪ್ಪ.

"ರಾಶಿ ನಾಳೆ ಮಟಾ ಕೆಂಪಗ ಇರ್ತದ್ರಿ ಸಾವ್ಕಾರ್ರ. ಕಾಣೂ ಕಣ್ಣು ಬೇಕಲ್ರಿ?"

ಸಾವ್ಕಾರ ಗೋಣಿಚೀಲದ ಕಡೆ ನೋಡಿದ. ಅದರ ಮ್ಯಾಲ ಇನ್ನ ಮಂಗಳವ್ವ ಕುಂದ್ರಾಕಿ ಅಲ್ಲಂತ ಇಬ್ಬರಿಗೂ ಗೊತ್ತಾತು.

ಬಸ್‌ಸ್ಟ್ಯಾಂಡಿನ್ಯಾಗ ಎಂಟು ಹೆಣಮಕ್ಕಳು ಆಕಿ ಹಿಂದ ನಿಂತಿದ್ರು. ಮಂಗಳವ್ವ ಬಾಜೂಕಿನ ಬೋರ್ಡು ಕಣ್ಣಂಚಿಲೆ ಓದಾಕ ಬಾಗಿಲಾಗ ನಿಂತ ಕಂಡಕ್ಟರನ ಮಾರಿಗೆ ಕಣ್ಣು ನೆಟ್ಟಿದ್ಲು.

"ಯಾಕವ್ವಾ, ನನ್ನ ಯಾಕ ನುಂಗೂ ಹಂಗ ನೋಡ್ತಿ?"

"ನಿನ್ನಲ್ಲಪಾ, ಬೋರ್ಡ್ ನೋಡಾಕತ್ತೇನಿ" ಅಂದು ಹಿಂದಿನಾವ್ರಿಗೆ ಕೈ ಮಾಡಿದ್ಲು. "ಹತ್ರಿ, ಹತ್ರಿ. ಹಾವೇರೀನ ಐತಿ."